ಪ್ಯಾಟಿ ಬೆಲ್ಲ, ಮನಿ ಬೆಲ್ಲ

ಈಗೀಗ ಮಧ್ಯಾಹ್ನ ಊಟವಾಗಿ ಸ್ವಲ್ಪ ಅಡ್ಡಾದರೆ ಸಾಕು, ಜಮಖಂಡಿ ಕೋರ್ಟು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ವರಾಂಡದಲ್ಲಿ ಜವಾನ ಯಾರದೋ ಹೆಸರನ್ನು ಎಳೆದೆಳೆದು ಕೂಗುತ್ತಿರುತ್ತಾನೆ. ಬೇವಿನ ಗಿಡದ ನೆರಳು ಮೆಟ್ಟಿಲ ಮೇಲೆ ಅಲ್ಲಾಡುತ್ತಿರುತ್ತದೆ. ನನ್ನ ಕಕ್ಷಿದಾರ ಬಂದಿಲ್ಲ, ನನ್ನ ಕರಿ ಕೋಟು ಸಿಗುತ್ತಿಲ್ಲ, ಜಡ್ಜ್ ಸಾಹೇಬರು ಮಾತ್ರ ನನ್ನನ್ನೇ ನೋಡುತ್ತ ಕೂತಿದ್ದಾರೆ. ಗಾಬರಿಯಾಗಿ ಎದ್ದರೆ ಹೊರಗೆ ಕಬ್ಬಿನ ಟ್ರ್ಯಾಕ್ಟರು ದೊಡ್ಡದಾಗಿ ಹಾಡು ಹಚ್ಚಿಕೊಂಡು ಹೊರಟಿರುತ್ತದೆ. ಕೋಟು ಟ್ರಂಕಿನಲ್ಲಿದೆ, ನಾನು ವಕೀಲಿ ಬಿಟ್ಟಾಗಿದೆ. ಮತ್ತೆ ಮಲಗುತ್ತೇನೆ.

ಹೊಸದಾಗಿ ವಕೀಲಿ ಸನದು ಪಡೆದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ಕೇಳುತ್ತಾರೆ: "ಬಾಯಾರ, ಪೇಪರಿನವರ ಮ್ಯಾಲಿನ ಮಾನಹಾನಿ ಕೇಸು ಹೆಂಗ ನಡಸಬೇಕ್ರಿ?" ಅವರಿಗೆ ಬೇಕಾದದ್ದು ಸಿನಿಮಾದಂಥ ವಾದ. ಮೇಜು ಗುದ್ದಬೇಕು, ಕೋರ್ಟು ದಂಗಾಗಬೇಕು. ನಾನು ಹೇಳುವುದು ಬೇರೆ. ಇಂಥ ದಾವೆಗಳಲ್ಲಿ ಅರ್ಧ ಸೋಲು ಗೆಲುವು ಸಾಕ್ಷಿ ಕಟಕಟೆ ಹತ್ತುವ ಮೊದಲೇ ಮುಗಿದಿರುತ್ತದೆ. ವಿಚಾರಣೆಗೆ ಮುಂಚೆ ಎರಡೂ ಕಡೆಯವರು ತಮ್ಮ ಹತ್ತಿರ ಏನೇನು ಪುರಾವೆ ಇದೆ ಎಂದು ಒಬ್ಬರಿಗೊಬ್ಬರು ತೋರಿಸುವ ಒಂದು ಹಂತವಿದೆ. ಎದುರಿನವರು ಕೇಳಿದ್ದನ್ನು ಕೊಡಬೇಕು. ಕೊಡದೆ ಮುಚ್ಚಿಟ್ಟರೆ ಮುಂದೆ ಅದನ್ನು ನೀವೂ ಬಳಸುವಂತಿಲ್ಲ. ನಮ್ಮ ಕಡೆಯ ಬಹಳ ವಕೀಲರು ಇದನ್ನು ಓದಿ ಮರೆತುಬಿಡುತ್ತಾರೆ. ನನ್ನ ಹೊಟ್ಟೆ ತುಂಬಿದ್ದು ಅದರಿಂದಲೇ.

ಇದನ್ನು ನನಗೆ ಕಲಿಸಿದವರು ನಮ್ಮ ಸೀನಿಯರ್ ಭಾವೂರಾಯರು. ಮನೆಯಲ್ಲಿ ಮರಾಠಿ, ಕೋರ್ಟಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿ ಬೈಯುವವರು. ನನ್ನ ಮೊದಲನೇ ಪತ್ರಿಕಾ ಕೇಸಿನಲ್ಲಿ ಮುಧೋಳದ ಒಬ್ಬ ಸಂಪಾದಕರು ಒಂದು ಗಂಟು ಕಾಗದ ತಂದುಕೊಟ್ಟರು. ಎದುರಿನವರಿಗೆ ತೋರಿಸಬೇಕಾದ್ದು. ನಾನು ಚೆಂದಾಗಿ ದಾರ ಕಟ್ಟಿ, ಮೇಲೆ ಅರಿಷಿಣ ಬಣ್ಣದ ಹಾಳೆ ಹಚ್ಚಿ ಕೊಟ್ಟುಬಿಟ್ಟೆ. ಒಳಗಿನದನ್ನು ಓದಿರಲಿಲ್ಲ. ನಡುವೆ ಒಂದು ಚೀಟಿಯಲ್ಲಿ ಸಂಪಾದಕರೇ ತಮ್ಮ ವರದಿಗಾರನಿಗೆ ಬರೆದಿದ್ದರು: "ಇದನ್ನ ಮುಖಪುಟಕ್ಕ ಹಾಕು. ಅವನ ಸೊಕ್ಕ ಮುರೀಲಿ." ಸುದ್ದಿ ನಿಜವೇ ಇತ್ತು. ಆದರೆ ಆ ಚೀಟಿ ನೋಡಿದ ಮೇಲೆ ನಮ್ಮದು ಒಳ್ಳೆಯ ಮನಸ್ಸು ಎಂದು ನಂಬುವವರು ಯಾರು? ಭಾವೂರಾಯರು ಮುಖ ಕೆಂಪಗೆ ಮಾಡಿಕೊಂಡು, "ಏನವಾ, ಲಗ್ನದ ಸೀರಿ ಕಟ್ಟಿ ಕೊಟ್ಟಂಗ ಕಟ್ಟಿ ಕೊಟ್ಟೀಯಲ್ಲ! ಬಿಚ್ಚಿ ನೋಡಬೇಕಂತ ಅನಸಲಿಲ್ಲೇನು?" ಅಂದರು. ಹೊರಗೆ ಬಂದು ಚಹಾ ಕುಡಿಸಿದರು. ಅಲ್ಲೂ ಬೈದರು.

ಅವತ್ತಿನಿಂದ ನಾನು ಕೊಡುವುದನ್ನೆಲ್ಲ ಎರಡೆರಡು ಸಲ ಓದಿ ಕೊಟ್ಟೆ. ಮುಚ್ಚಿಡಲಿಲ್ಲ, ಓದಿದೆ. ಎರಡಕ್ಕೂ ವ್ಯತ್ಯಾಸ ಇದೆ, ತಂಗಿಯರೇ.

ನಗು ಬರುವ ಕೇಸುಗಳೂ ಇದ್ದವು. ಬೀಳಗಿಯ ಕಡೆಯ ಒಬ್ಬ ಅಡಿಗೆಯವನು ಪತ್ರಿಕೆಯೊಂದರ ಮೇಲೆ ದಾವೆ ಹಾಕಿದ. ಅವನು ಮಾಡಿದ ಮದುವೆ ಊಟದಲ್ಲಿ ಗೋಧಿ ಹುಗ್ಗಿ ಕೆಟ್ಟು ಜನರಿಗೆ ವಾಂತಿಯಾಯಿತು ಎಂದು ಪತ್ರಿಕೆ ಬರೆದಿತ್ತು. ವಿಚಾರಣೆಗೆ ಮೊದಲು ಎದುರಿನವರಿಗೆ ಬರೆದ ಪ್ರಶ್ನೆಗಳನ್ನು ಕಳಿಸಿ ಪ್ರಮಾಣದ ಮೇಲೆ ಉತ್ತರ ಪಡೆಯುವ ಒಂದು ಪದ್ಧತಿ ಇದೆ. ಪತ್ರಿಕೆಯ ಪರವಾಗಿ ನಾನು ಕಳಿಸಿದೆ: ಅವತ್ತಿನ ಊಟದಲ್ಲಿ ಏನಾದರೂ ಕೆಟ್ಟಿತ್ತೇ? ಅವನ ಉತ್ತರ ಬಂತು. "ನನ್ನ ಹುಗ್ಗಿ ಕೆಟ್ಟಿರಲಿಲ್ಲ. ಕೆಟ್ಟದ್ದು ಬದನಿಕಾಯಿ ಪಲ್ಯ."

ಅವನ ವಕೀಲರು ತಲೆಯ ಮೇಲೆ ಕೈ ಹೊತ್ತುಕೊಂಡರು. ಅವನಿಗೆ ಚಿಂತೆಯೇ ಇಲ್ಲ. "ಪಲ್ಯಾ ಯಾರರ ಮಾಡ್ತಾರರಿ. ಹುಗ್ಗಿ ನಮ್ಮ ಅಪ್ಪನ ಕೈಯಾಂದು. ಅದಕ್ಕ ಹೆಸರಿಟ್ರ ನಾ ಸುಮ್ಮ ಇರೂದಿಲ್ಲ" ಅಂದ. ಪತ್ರಿಕೆಯವರು 'ಹುಗ್ಗಿ ಚೆನ್ನಾಗಿತ್ತು' ಎಂದು ತಿದ್ದುಪಡಿ ಹಾಕಿದರು, ಅವನು ದಾವೆ ಹಿಂದೆ ತೆಗೆದುಕೊಂಡ. ಮನುಷ್ಯನ ಮಾನ ಎಲ್ಲಿರುತ್ತದೆ ಅನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು ಎಂದು ಅವನಿಂದ ಕಲಿತೆ. ತುಪ್ಪ ಸುರಿದ ಅವನ ಹುಗ್ಗಿಯನ್ನು ಆಮೇಲೆ ಬಹಳ ಮದುವೆಗಳಲ್ಲಿ ಉಂಡೆ.

ಆಗೆಲ್ಲ ಕಾರ್ಬನ್ ಹಾಳೆ, ಟೈಪ್ ಮಷಿನ್ನು, ಫೋಟೊದ ನೆಗೆಟಿವ್. ಲೋಕಾಪುರದಲ್ಲಿ ಬಸ್ಸು ಬದಲಿಸುವಾಗ ಝೆರಾಕ್ಸ್ ಮಾಡಿಸಿಕೊಳ್ಳುವುದು, ಅಲ್ಲಿ ಕರೆಂಟ್ ಹೋದರೆ ಎದುರಿನ ವಕೀಲರ ಜೊತೆಗೇ ಕೂತು ಗಿರಮಿಟ್ ತಿನ್ನುವುದು. ಆಮೇಲೆ ಎಲ್ಲವೂ ಫೋನಿಗೆ ಬಂತು. ವರದಿಗಾರನ ಟಿಪ್ಪಣಿ ಫೋನಿನಲ್ಲಿ, ದನಿ ಫೋನಿನಲ್ಲಿ, ಫೋಟೊ ಫೋನಿನಲ್ಲಿ. ಮೊದಲು 'ಆ ಫೋಟೊ ತೋರಿಸಿ' ಎನ್ನುತ್ತಿದ್ದವರು ಈಗ 'ಆ ಫೋನೇ ಕೊಡಿ' ಎನ್ನತೊಡಗಿದರು. ಒಂದು ಚಿತ್ರ ಕೇಳಿದರೆ ಅದರ ಹಿಂದೆ ಮುಂದೆ ಇದ್ದ ಎಲ್ಲರ ಬದುಕೂ ಹೊರಗೆ ಬರುತ್ತದೆ. ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವ ಕೇಸು ಅಂಥದ್ದು.

ಬನಹಟ್ಟಿಯಲ್ಲಿ ಗುರುಪಾದಪ್ಪ ಎಂಬವನು ಒಂದು ವಾರಪತ್ರಿಕೆ ನಡೆಸುತ್ತಿದ್ದ. ಮೊದಲು ಮಗ್ಗ ನೇಯುತ್ತಿದ್ದವನು. ಅವನ ಪತ್ರಿಕೆಯ ಕಚೇರಿ ಎಂದರೆ ಮನೆಯ ಮುಂದಿನ ಪಡಸಾಲೆ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗದ ಸಪ್ಪಳ ಇಡೀ ದಿನ. ಅಲ್ಲಿ ಕೂತು ಕೇಸಿನ ಮಾತಾಡುವಾಗ ನನಗೆ ಎಷ್ಟೋ ಸಲ ಕಣ್ಣು ಎಳೆಯುತ್ತಿತ್ತು. ಆ ಸಪ್ಪಳಕ್ಕೆ ಹಾಗೆ ಮನುಷ್ಯನನ್ನು ತೂಗುವ ಗುಣವಿದೆ.

ಅವನು ರನ್ನ ಬೆಳಗಲಿ ಕಡೆಯ ಒಂದು ಬೆಲ್ಲದ ಗಾಣದ ಬಗ್ಗೆ ಬರೆದಿದ್ದ. ಗಾಣದ ಮಾಲೀಕ ಸಂಗನಗೌಡ. 'ಏನೂ ಔಷಧ ಹಾಕದ ಬೆಲ್ಲ' ಎಂದು ಚೀಟಿ ಹಚ್ಚಿ ದೂರದ ಊರುಗಳಿಗೆ ಮಾರುತ್ತಿದ್ದ. ಒಳಗೆ ಮಾತ್ರ ಬಣ್ಣ ಬರಲೆಂದು ಪುಡಿ ಸುರಿಯುತ್ತಾನೆ ಎಂಬುದು ಸುದ್ದಿ. ಜೊತೆಗೆ ಒಂದು ಫೋಟೊ. ಹೊದಿಸಿದ ತಾಡಪತ್ರಿಯ ಅಂಚು ಎತ್ತಿದೆ, ಕೆಳಗೆ ಪುಡಿಯ ಚೀಲಗಳು ಕಾಣುತ್ತವೆ. ಗೌಡ ಮಾನಹಾನಿಯ ದಾವೆ ಹಾಕಿದ. ಅವನ ವಕೀಲರು ಪಾಟೀಲರು, ನನ್ನ ಹಳೆಯ ಸ್ನೇಹಿತರು. ಅವರು ವಿಚಾರಣೆಗೆ ಮುಂಚೆಯೇ ಅರ್ಜಿ ಕೊಟ್ಟರು: ಈ ಫೋಟೊ ತೆಗೆದ ಫೋನನ್ನು ನಮ್ಮ ಪರಿಶೀಲನೆಗೆ ಕೊಡಿಸಬೇಕು, ಪೂರ್ತಿ ಚಿತ್ರ ನೋಡಬೇಕು.

ಕಾನೂನಿನ ಪ್ರಕಾರ ಸರಿಯಾದ ಬೇಡಿಕೆ. ನಾನು ಗುರುಪಾದಪ್ಪನಿಗೆ, "ಫೋನ್ ತಾ, ಕೊಟ್ಟುಬಿಡೋಣು" ಅಂದೆ.

"ಕೊಡಾಕ ಆಗೂದಿಲ್ಲರಿ ಬಾಯಾರ" ಅಂದ. ಫೋನು ತೆಗೆದು ಪೂರ್ತಿ ಚಿತ್ರ ತೋರಿಸಿದ. ಪತ್ರಿಕೆಯಲ್ಲಿ ಅವನು ಕತ್ತರಿಸಿ ಹಾಕಿದ್ದ, ಅಲ್ಲಿ ಒಂದು ಹೆಬ್ಬೆರಳು ಮಾತ್ರ ಕಾಣುತ್ತಿತ್ತು. ಇಲ್ಲಿ ತಾಡಪತ್ರಿ ಎತ್ತಿ ಹಿಡಿದ ಇಡೀ ಕೈ ಇತ್ತು. ಹಸಿರು ಬಳೆ, ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ.

"ಯಾರ ಕೈ ಇದು?"

"ಕಾಶವ್ವ ಅಂತ. ಗಾಣದಾಗ ಒಲಿಗೆ ಉರಿ ಹಾಕ್ತಾಳರಿ. ಗಂಡಾನೂ ಅಲ್ಲೇ ಕಬ್ಬು ನುರಸ್ತಾನ. ಗೌಡನ ಹೊಲದಾಗ ಗುಡಸಲಾ ಹಾಕ್ಕೊಂಡಾರ. ಆಕಿ ಸಣ್ಣ ಮಗಳು ಆ ಪುಡಿ ಕೈಗೆ ಹಚ್ಚಿಕೊಂಡು ಬಾಯಾಗ ಇಟ್ಟು, ಸಾಯೂದ ಒಂದು ಉಳದಿತ್ತರಿ. ಅದಕ್ಕ ನನ್ನ ಒಳಗ ಕರದು ತೋರಿಸಿದ್ಲು. ಈ ಹಚ್ಚಿ ನೋಡಿದ್ರ ಗೌಡಗ ಗುರ್ತು ಹತ್ತೂದಿಲ್ಲೇನ್ರಿ? ಸಂಜಿಕ ಗುಡಸಲಾ ಕಿತ್ತು ಒಗಿತಾನ."

ನಾನು ಸಿಟ್ಟಾದೆ. ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. "ಫೋನ್ ಕೊಡದಿದ್ರ ಫೋಟೊ ನಮ್ಮ ಕೈ ಬಿಟ್ಟು ಹೋಗ್ತದ. ಫೋಟೊ ಇಲ್ಲಂದ್ರ ನಿನ್ನ ಸುದ್ದಿ ಬರೇ ಬೈಗಳು ಆಗ್ತದ. ಸೋತ್ರ ಪೇಪರ್ ಮುಚ್ಚಬೇಕಾಗ್ತದ, ಗೊತ್ತದನು?"

"ಮುಚ್ಚತೇನ್ರಿ. ಮಗ್ಗಾ ಇನ್ನೂ ಐತಿ, ನೇಯ್ತೇನಿ. ಆಕಿ ಎಲ್ಲಿ ಹೋಗಬೇಕ್ರಿ?"

ಅವನು ಶಾಂತವಾಗಿ ಹೇಳಿದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತೆ. ಎರಡೂ ಕಡೆ ಕಬ್ಬಿನ ಸೂಲಂಗಿ ಬೆಳ್ಳಗೆ ಅರಳಿ ಗಾಳಿಗೆ ಬಾಗುತ್ತಿತ್ತು. ಅದರ ನಡುವೆ ಆ ಕೈ ಕಾಣುತ್ತಲೇ ಇತ್ತು. ಕಣ್ಣು ಮುಚ್ಚಿದರೂ ಹಸಿರು ಬಳೆ, ತೆರೆದರೂ ಹಸಿರು ಬಳೆ. ಎಷ್ಟೋ ಜನರ ಮಾನ ಉಳಿಸಲು, ಕಳೆಯಲು ಕೋರ್ಟು ಹತ್ತಿದ್ದೆ. ಒಬ್ಬಳ ಗುಡಿಸಲು ನನ್ನ ಚೀಲದಲ್ಲಿ ಕೂತು ಬಂದದ್ದು ಅದೇ ಮೊದಲು.

ಜಮಖಂಡಿಯಲ್ಲಿ ಇಳಿಯುವಷ್ಟರಲ್ಲಿ ಒಂದು ಉಪಾಯ ಹೊಳೆದಿತ್ತು. ಅವರು ನಮ್ಮ ಫೋನು ಕೇಳುವುದಾದರೆ ನಾವು ಅವರ ಗಾಣ ಕೇಳೋಣ. ನಾನೂ ಅರ್ಜಿ ಕೊಟ್ಟೆ: ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿ ಗಾಣದ ಸ್ಥಳ ಪರಿಶೀಲನೆ ಮಾಡಿಸಬೇಕು. ಎರಡೂ ಅರ್ಜಿ ಒಂದೇ ದಿನ ಬಂದವು. ಜಡ್ಜ್ ಸಾಹೇಬರು ಮೈಸೂರು ಕಡೆಯವರು, ಮೆದು ಮಾತಿನವರು. "ಮೊದಲು ಜಾಗ ನೋಡ್ಕೊಂಡು ಬನ್ನಿ. ಫೋನಿನ ವಿಷಯ ಮುಂದಿನ ತಾರೀಖಿಗೆ ನೋಡೋಣ" ಅಂದರು. ಕಾಶವ್ವನಿಗೆ ಒಂದು ತಾರೀಖಿನಷ್ಟು ಉಸಿರು ಸಿಕ್ಕಿತು.

ಗಾಣಕ್ಕೆ ಹೋದ ಬೆಳಗು ಈಗಲೂ ಕನಸಿನ ಹಾಗೇ ನೆನಪಿದೆ. ಚಳಿ ಇತ್ತು. ದೂರದಿಂದಲೇ ಕುದಿಯುವ ಹಾಲಿನ ವಾಸನೆ, ಕಬ್ಬಿನ ಹಾಲು. ಆವಿಯೊಳಗೆ ಜನ ಕಾಣುತ್ತಿದ್ದರು, ಮಾಯವಾಗುತ್ತಿದ್ದರು. ಕಮಿಷನರು ಒಬ್ಬ ನಡುವಯಸ್ಸಿನ ವಕೀಲರು, ಪೆನ್ನು ಹಿಡಿದು ಮುಂದೆ ನಡೆದರು. ಹಿಂದೆ ನಾನು, ಪಾಟೀಲರು, ಗುರುಪಾದಪ್ಪ.

ಒಳಗೆ ಹೋಗಿ ನೋಡಿದರೆ ನನ್ನ ಉಪಾಯ ಬುಡಮೇಲಾಗಿತ್ತು. ಗಾಣ ಮದುವೆ ಮನೆಯ ಹಾಗೆ ಗುಡಿಸಿಟ್ಟಿತ್ತು. ಪುಡಿ ಇಲ್ಲ, ಚೀಲ ಇಲ್ಲ, ಆ ತಾಡಪತ್ರಿಯೂ ಇಲ್ಲ. ಬರುವ ದಿನ ಮೊದಲೇ ತಿಳಿಸಿ ಬೇಕಾದಷ್ಟು ಸಮಯ ಕೊಟ್ಟಿದ್ದೆವಲ್ಲ, ಗೌಡ ದಡ್ಡನೇ? ಪಾಟೀಲರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಇನ್ನು ಮುಂದಿನ ತಾರೀಖಿಗೆ ಫೋನು ಕೊಡಲೇಬೇಕಾಗುತ್ತದೆ ಅಂದುಕೊಂಡೆ.

ಒಲೆಯ ಬಾಯಿಗೆ ಒಬ್ಬ ಹೆಂಗಸು ಕಬ್ಬಿನ ಸಿಪ್ಪೆ ತಳ್ಳುತ್ತಿದ್ದಳು. ಸೀರೆಯ ಮೇಲೆ ಗಂಡಸರ ನೀಲಿ ಚೌಕಡಿ ಅಂಗಿ, ಪೂರ್ತಿ ತೋಳಿನದು, ಮಣಿಕಟ್ಟಿನ ಗುಂಡಿಯೂ ಹಾಕಿತ್ತು. ಅಂಥ ಉರಿಯ ಮುಂದೆ ಬೆವರು ಇಳಿಯುತ್ತಿದ್ದರೂ ತೋಳು ಮಡಚಿರಲಿಲ್ಲ. ಕಾಶವ್ವ ಇವಳೇ ಎಂದು ತಿಳಿಯಿತು. ನಾನು ಅತ್ತ ನೋಡುವುದು ಬಿಟ್ಟೆ. ಗುರುಪಾದಪ್ಪ ಅತ್ತ ನೋಡಲೇ ಇಲ್ಲ.

ಕಮಿಷನರು 'ಆಕ್ಷೇಪಾರ್ಹ ವಸ್ತು ಏನೂ ಕಾಣಲಿಲ್ಲ' ಎಂದು ಬರೆಯತೊಡಗಿದ್ದರು. ನಮ್ಮ ಕಡೆ ಒಂದು ರೂಢಿ ಇದೆ. ಗಾಣಕ್ಕೆ ಬಂದವರು, ಅವರು ಶತ್ರುವೇ ಆಗಿರಲಿ, ಬೆಲ್ಲ ಬಾಯಿಗೆ ಹಾಕದೆ ಹೋಗಬಾರದು. ಸಂಗನಗೌಡನಿಗೆ ಗೆದ್ದ ಹುರುಪು ಬೇರೆ. "ಕೋರ್ಟ್ ಕೋರ್ಟಿನಾಗ ಇರ್ಲಿರಿ ಸಾಹೇಬ್ರ. ಗಾಣಕ್ಕ ಬಂದು ಬರೇ ಬಾಯಿಲೆ ಹೋಗ್ತೀರೇನು?" ಅಂದು, ಒಟ್ಟಿದ್ದ ಬೆಲ್ಲದ ಪೆಂಟಿಗಳಲ್ಲಿ ಒಂದನ್ನು ಒಡೆದು ತಾಟಿನಲ್ಲಿಟ್ಟು ಮುಂದೆ ಹಿಡಿದ. ನಿಂಬೆಹಣ್ಣಿನಂಥ ಹಳದಿ ಬೆಲ್ಲ.

ಮೂಲೆಯಲ್ಲಿ ಹೊರಸಿನ ಮೇಲೆ ಅವನ ತಾಯಿ ನೀಲವ್ವ ಕೂತಿದ್ದಳು. ಊರವರೆಲ್ಲ ಗೌಡತಿ ಎಂದು ಕರೆಯುವ ಮುದುಕಿ. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಏ ತಮ್ಮಾ, ಅದನ್ನ ಬಾಯಾಗ ಹಾಕ್ಕೋಬ್ಯಾಡ. ಅದು ಪ್ಯಾಟಿ ಬೆಲ್ಲ" ಅಂದಳು ಕಮಿಷನರಿಗೆ. ಹೊರಸಿನ ಕೆಳಗಿಂದ ಒಂದು ಡಬ್ಬಿ ಎಳೆದಳು. "ನಿಮಗ ಮನಿ ಬೆಲ್ಲ ಕೊಡ್ತೀನಿ, ಬರ್ರಿ."

"ಯವ್ವಾ, ಸುಮ್ಮ ಕುಂದ್ರ" ಅಂದ ಗೌಡ.

"ಯಾಕ ಸುಮ್ಮ ಕುಂದ್ರಲಿ? ಮನಿಗಿ ಬಂದವರಿಗಿ ಪುಡಿ ತಿನಸ್ತೀಯೇನ?"

ಕಮಿಷನರ ಪೆನ್ನು ನಿಂತಿತು. "ಯಾವ ಪುಡಿ ಬೇ ಯವ್ವಾ?"

"ಬಣ್ಣ ಬರೂ ಪುಡಿ. ಪ್ಯಾಟಿಯವರಿಗಿ ಬೆಲ್ಲ ಬಂಗಾರದಂಗ ಕಾಣಬೇಕಂತ, ಇವ ಹಾಕ್ತಾನ. ಮನಿದಕ್ಕ ಹಾಕೂದಿಲ್ಲ. ತಗೋ, ನೋಡಾಕ ಕರ್ರಗ ಐತಿ, ಖರೆ ಛಲೋ ಐತಿ."

ಪಾಟೀಲರು ಹಣೆ ಒತ್ತಿಕೊಂಡರು. ಕಮಿಷನರು ಎರಡೂ ಬೆಲ್ಲದ ತುಂಡುಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಮೊಹರು ಮಾಡಿದರು, ಮುದುಕಿಯ ಮಾತನ್ನು ಅವಳು ಆಡಿದ ಹಾಗೇ ಬರೆದುಕೊಂಡರು. ಗೌಡ ತಾಯಿಯ ಮೇಲೆ ಕೂಗಾಡಿದ. ಅವಳು ಡಬ್ಬಿಯ ಮುಚ್ಚಳ ಹಾಕಿ, ಮನೆ ಬೆಲ್ಲವನ್ನು ನನ್ನ ಅಂಗೈಯಲ್ಲೂ ಇಟ್ಟು, "ತಿನ್ನ ತಂಗಿ, ದೂರಿಂದ ಬಂದೀದಿ" ಅಂದಳು. ತಿಂದೆ. ಎಂಥ ರುಚಿ ಅಂತೀರಿ! ಹೊಗೆಯದೂ ಮಣ್ಣಿನದೂ ಸ್ವಲ್ಪ ವಾಸನೆ ಇತ್ತು.

ಮುಂದಿನ ತಾರೀಖಿಗೆ ಪಾಟೀಲರು ದಾವೆ ಹಿಂದೆ ತೆಗೆದುಕೊಳ್ಳುವ ಅರ್ಜಿ ತಂದರು. ಹೆತ್ತ ತಾಯಿಯನ್ನು ಸಾಕ್ಷಿಗೆ ಕರೆದರೆ ಏನು ಹೇಳುತ್ತಾಳೋ ಎಂದು ಗೌಡ ಹೆದರಿದ್ದ. ಫೋನಿನ ಅರ್ಜಿ ಅಲ್ಲಿಗೇ ಮುಗಿಯಿತು, ಯಾರೂ ಅದನ್ನು ತೆರೆಯಲಿಲ್ಲ. ಗುರುಪಾದಪ್ಪ ಕೋರ್ಟಿನ ಹಿಂದಿನ ಚಹಾದಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ಅತ್ತ. ನನಗೂ ಕಣ್ಣು ತುಂಬಿತು. ಧೂಳು ಬಿತ್ತು ಅಂದೆ.

ಆಮೇಲೆ ಎಷ್ಟೋ ವರ್ಷ ವಕೀಲರ ಕೋಣೆಯಲ್ಲಿ ನಾನು ಈ ಕಥೆ ಹೇಳಿ ಬೀಗಿದೆ. ಎದುರಿನವರ ಗಾಣ ತೆರೆಸಿದ ನನ್ನ ಜಾಣತನ, ಮುದುಕಿಯ ಬಾಯಿ ತಪ್ಪು. ಎಲ್ಲರೂ ನಗುತ್ತಿದ್ದರು.

ವಕೀಲಿ ಬಿಡುವ ಕೊನೆಯ ದಿನಗಳಲ್ಲಿ ನೀಲವ್ವ ಹೇಳಿ ಕಳಿಸಿದಳು. ನನಗೇ! ಹೋದೆ. ಚಿಕ್ಕಪಡಸಲಗಿಯ ಮಗಳ ಮನೆಯಲ್ಲಿದ್ದಳು, ಕಿಟಕಿಯಿಂದ ಕೃಷ್ಣೆಯ ನೀರು ಹೊಳೆಯುವುದು ಕಾಣುತ್ತಿತ್ತು. ಬಹಳ ಹಣ್ಣಾಗಿದ್ದಳು. ಎಲ್ಲರೂ ಗೌಡನದೆನ್ನುತ್ತಿದ್ದ ಹೊಲ ಕಾಗದದಲ್ಲಿ ಅವಳ ಹೆಸರಿನಲ್ಲಿತ್ತು. ಅದರಲ್ಲಿ ಕಾಶವ್ವನ ಗುಡಿಸಲಿರುವ ಜಾಗವನ್ನು ಕಾಶವ್ವನಿಗೇ ಬರೆದುಕೊಡಬೇಕಂತೆ. ಬರೆದೆ, ಓದಿ ಹೇಳಿದೆ. ಏಳುವಾಗ ಸುಮ್ಮನಿರದೆ ನಕ್ಕು ಅಂದೆ: "ಅವ್ವಾರ, ಅವತ್ತ ನೀವು ಬಾಯಿ ತಪ್ಪಿ ಆಡಿದ ಮಾತಿಲೆ ನಾ ಕೇಸ್ ಗೆದ್ದೆ ನೋಡ್ರಿ."

ಮುದುಕಿ ನನ್ನನ್ನೇ ನೋಡಿದಳು.

"ಯಾರ ಬಾಯಿ ತಪ್ಪಿತ್ತ?"

ನಾನು ಮತ್ತೆ ಕೂತೆ.

"ಪೇಪರಿನ್ಯಾಗ ಎಲ್ಲಾರೂ ಚೀಲಾ ನೋಡಿದ್ರು. ನಾ ಹೆಬ್ಬಟ್ಟ ನೋಡಿದೆ. ಅದರ ಬುಡಕ ಒಂದು ಹಚ್ಚಿ ಚುಕ್ಕಿ ಸೊಟ್ಟ ಐತಿ. ಕಾಶಿ ಸಣ್ಣಾಕಿದ್ದಾಗ ನಾನ ಹಚ್ಚಿ ಹಾಕಿಸಿದ್ದೆ. ಅಳಕೋತ ಕೈ ಜಗ್ಗಿದ್ಲು, ಚುಕ್ಕಿ ಜರದು ಬಿತ್ತು. ಪೂರಾ ಫೋಟೊ ಬಂದ್ರ ನನ್ನ ಮಗನೂ ನೋಡ್ತಿದ್ದ. ಕೇಸ್ ಸೋತ್ರ ಅವನ ಮೀಸಿ ಇಳೀತೈತಿ, ಮತ್ತ ಬೆಳೀತೈತಿ. ಆಕಿ ಗುಡಸಲಾ ಇಳದ್ರ ಯಾರ ಎತ್ತಾವ್ರು? ಮತ್ತ ನಮ್ಮ ಮಾವನ ಕಾಲದ ಗಾಣ ಅದು. ಪುಡಿ ಹಾಕೂದು ನನಗೂ ಸೇರತಿರಲಿಲ್ಲ."

ನಾಚಿಕೆಯಾಯಿತು, ಖುಷಿಯೂ ಆಯಿತು. ಎಷ್ಟು ವರ್ಷ ಬೀಗಿದ್ದೆನಲ್ಲ!

"ಆಕಿ ಅವತ್ತ ಪೂರಾ ತೋಳಿನ ಅಂಗಿ ಹಾಕ್ಕೊಂಡಿದ್ಲು. ನೋಡಿದ್ಯೋ ಇಲ್ಲೋ?" ಅಂದಳು ಮುದುಕಿ.

"ನೋಡಿದ್ದೆ. ಗಂಡಂದಿರಬೇಕಂತ ತಿಳ್ಕೊಂಡಿದ್ದೆ."

"ಆಕಿ ಗಂಡಗ ಎಲ್ಲಿ ಅಂಥಾ ಅಂಗಿ? ನಾನ ಕೊಟ್ಟದ್ದು, ಬಂದವರ ಕಣ್ಣಿಗೆ ಹಚ್ಚಿ ಬೀಳಬಾರದಂತ." ಹಲ್ಲಿಲ್ಲದ ಬಾಯಿಯಲ್ಲಿ ನಕ್ಕಳು. "ನನ್ನ ಮಗಂದು ಅದು. ಅವನ ಮುಂದ ನಿಂತಿತ್ತು, ಗುರ್ತ ಹಿಡೀಲಿಲ್ಲ."